ಹಳೆಯ ವ್ಯಾನಿನ ಹಿಂಗಾಲಿನ ನರಳಾಟ

ನಮ್ಮ ಹೋಟೆಲು ಬಂಧುಗಳು ನಾಲ್ವರು ಕೂಡಿ ಹಳೆಯ ಓಮ್ನಿ ವ್ಯಾನೊಂದನ್ನು ಕೊಳ್ಳುವುದು ಹೊಸ ಸಂಗತಿಯಲ್ಲ. ಬೆಳಗಿನ ಜಾವ ಆಜಾದ್‌ಪುರ ಮಂಡಿಯ ತರಕಾರಿ, ಹಗಲು ಹಿಟ್ಟಿನ ಪಾತ್ರೆ, ಭಾನುವಾರ ಮಕ್ಕಳುಮರಿ. 1984ರಲ್ಲಿ ಗುಡಗಾಂವ್‌ನಲ್ಲಿ ಹುಟ್ಟಿ, 2019ರಲ್ಲಿ ತಯಾರಿಕೆ ನಿಂತ ಈ ಬಂಡಿಯಲ್ಲಿ ಎಂಜಿನಿನ ಬಲ ಸೇರುವುದು ಹಿಂದಿನ ಗಾಲಿಗಳಿಗೆ; ಹಿಂಭಾರವನ್ನು ಹೊರುವುದು ಸ್ಪ್ರಿಂಗ್ ಪಟ್ಟಿ, ಇಲ್ಲಿನ ಮಿಸ್ತ್ರಿಗಳ ಮಾತಿನಲ್ಲಿ ‘ಕಮಾನಿ’. ವಯಸ್ಸಾದಾಗ ಸದ್ದು ಹೊರಡುವುದೂ ಅಲ್ಲಿಂದಲೇ.

ಆ ಸದ್ದಿಗೆ ಹೆದರಿ ಹಣದ ಗಂಟನ್ನು ಬಿಚ್ಚಬೇಡಿರೆಂದು ನಮ್ಮ ಬಿನ್ನಹ. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಮಿಸ್ತ್ರಿಯೊಬ್ಬರು ಸದ್ದು ಕೇಳಿದೊಡನೆ ‘ಕ್ರೌನ್-ಪಿನಿಯನ್ ಹೋಯಿತು’ ಎಂದು ತೀರ್ಪಿತ್ತು ಹಲ್ಲುಗಾಲಿಗಳ ಜೋಡಿಯನ್ನೇ ಬದಲಾಯಿಸಿದರು. ಇಬ್ಬರು ಸಪ್ಲೈಯರುಗಳ ತಿಂಗಳ ಸಂಬಳದಷ್ಟು ಹಣ ಹೋಯಿತು. ಸದ್ದು ಮಾತ್ರ ಹೋಗಲಿಲ್ಲ. ಕಡೆಗೆ ನೋಡಿದರೆ, ಕಮಾನಿಯ ತುದಿಯ ರಬ್ಬರು ಬುಷ್ ಸವೆದು ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು!

ಸದ್ದಿಗೂ ಸ್ವಭಾವವುಂಟು. ವೇಗ ಹೆಚ್ಚಿಸುವಾಗ ಊಳಿಟ್ಟು, ಆಕ್ಸಿಲರೇಟರಿನಿಂದ ಕಾಲೆತ್ತಿದೊಡನೆ ಸ್ವರ ಬದಲಿಸಿದರೆ ಹಲ್ಲುಗಾಲಿಗಳ ಮೇಲೆ ಸಂಶಯ ಪಡಬಹುದು. ಆಗಲೂ ಮೊದಲು ನೋಡತಕ್ಕದ್ದು ಅಚ್ಚಿನೊಳಗಿನ ಎಣ್ಣೆಯ ಮಟ್ಟವನ್ನು. ಕಾಲೆತ್ತಿದರೂ ಒಂದೇ ಸಮನೆ ಗುರುಗುಟ್ಟಿ, ತಿರುವಿನಲ್ಲಿ ಏರಿಳಿಯುವುದು ಹೆಚ್ಚಾಗಿ ಬೇರಿಂಗು. ರಸ್ತೆ ನುಣುಪಾದೊಡನೆ ಅಡಗಿದರೆ ಟೈರು. ಕ್ಲಚ್ ಬಿಟ್ಟಾಗ ‘ಟಕ್’ ಎಂದರೆ ಪ್ರೊಪೆಲರ್ ಶಾಫ್ಟಿನ ಜಾಯಿಂಟನ್ನೂ, ಅಚ್ಚನ್ನು ಕಮಾನಿಗೆ ಬಿಗಿದ ಯು-ಬೋಲ್ಟುಗಳನ್ನೂ ಪರೀಕ್ಷಿಸಿರಿ. ಹಳ್ಳದಿಣ್ಣೆಯಲ್ಲಿ ಮಾತ್ರ ಕಿರುಗುಟ್ಟುವುದೋ, ಬಡಿಯುವುದೋ ಬುಷ್ ಅಥವಾ ಷಾಕ್ ಅಬ್ಸಾರ್ಬರಿನ ಕೆಲಸ. ಗಾಲಿಯ ಡ್ರಮ್ಮಿನ ಬಳಿ ಎಣ್ಣೆಯ ಕಲೆ ಕಂಡರೆ ಒಂದು ದಿನವೂ ತಡೆಯಬಾರದು; ಸೀಲು ಸೋರಿ ಎಣ್ಣೆ ಒಳಗಿಳಿದರೆ ಬ್ರೇಕು ಹಿಡಿಯದು.

ಬಂಡಿಯನ್ನು ಬರಿಯ ಜಾಕಿನ ಮೇಲೆತ್ತಿ ಅಡಿಗೆ ತೂರುವ ಹುಡುಗರನ್ನು ಕಂಡಿದ್ದೇವೆ. ಅದು ಧೈರ್ಯವಲ್ಲ, ಆತ್ಮಹತ್ಯೆ. ಮುಂದಿನ ಗಾಲಿಗಳಿಗೆ ತಡೆಯಿಟ್ಟು, ಭದ್ರವಾದ ಸ್ಟ್ಯಾಂಡಿನ ಮೇಲೆ ಕೂರಿಸಿರಿ. ಬುಷ್ ಬದಲಿಸುವುದಾದರೆ ಎರಡು ಮಗ್ಗುಲಿಗೂ ಬದಲಿಸಿ, ಬಂಡಿಯ ಭಾರ ಗಾಲಿಯ ಮೇಲೆ ಬಿದ್ದ ನಂತರವೇ ನಟ್ಟನ್ನು ಪೂರ್ತಿ ಬಿಗಿಯಬೇಕು. ತೂಗುವಾಗಲೇ ಬಿಗಿದರೆ ರಬ್ಬರು ತಿರುಚಿ ಬೇಗನೆ ಹರಿಯುತ್ತದೆ. ಬಿಡಿಭಾಗಕ್ಕೆ ಕಾಶ್ಮೀರಿ ಗೇಟಿನ ಪೇಟೆಯುಂಟು. ಹಳೆಯ ತುಂಡನ್ನು ಕೈಯಲ್ಲಿ ಹಿಡಿದೇ ಹೋಗಿರಿ.

ಇಷ್ಟರ ಮೊದಲು ನೋಂದಣಿ ಪತ್ರದ ತಾರೀಖನ್ನು ಓದಿರಿ. ದಿಲ್ಲಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಸಂಚಾರವನ್ನು 2018ರಲ್ಲಿ ಸುಪ್ರೀಂ ಕೋರ್ಟು ತಡೆಯಿತು. 2025ರಲ್ಲಿ ಮತ್ತೆ ಸಡಿಲಿಕೆಯ ಆಜ್ಞೆಗಳೂ ಬಂದವು. ನಿಮ್ಮ ಬಂಡಿಗೆ ಯಾವುದು ಅನ್ವಯವೆಂಬುದನ್ನು ಸಾರಿಗೆ ಕಚೇರಿಯಲ್ಲಿ ಕೇಳಿ ತಿಳಿದ ಮೇಲೆ ಮಿಸ್ತ್ರಿಯ ಬಳಿಗೆ ನಡೆಯಿರಿ.