ಕತ್ತಲೆಯ ಜೀವಿಗೂ ಹೆಸರು ಬೇಕು

ಮಳೆ ಬಿದ್ದ ಮರುದಿನ ಹೊಲದ ಬದುವಿನಲ್ಲಿ, ಮುಟ್ಟಿದೊಡನೆ ಸುರುಳಿ ಸುತ್ತಿಕೊಳ್ಳುವ ಸಹಸ್ರಪದಿಯನ್ನು ಕಾಣದ ರೈತನಿಲ್ಲ. ಕೊಳೆತ ಎಲೆಯನ್ನು ತಿಂದು ಗೊಬ್ಬರವಾಗಿಸುವ ಈ ಹುಳುವಿನ ಕೆಲವು ಬಂಧುಗಳು ಗುಹೆ ಹಾಗೂ ಬಂಡೆಬಿರುಕುಗಳ ಗಾಢಾಂಧಕಾರದಲ್ಲಿ ಬಾಳುತ್ತವೆ. ಅಲ್ಲಿ ಕಣ್ಣಿಗೂ ಬಣ್ಣಕ್ಕೂ ಕೆಲಸವಿಲ್ಲ. ಆದ್ದರಿಂದ ಅನೇಕ ತಲೆಮಾರುಗಳು ಸಂದಂತೆ ಅವು ಕುರುಡಾಗಿ, ಬಿಳಿಚಿಕೊಂಡಿವೆ.

ಸಾವಿರಕ್ಕಿಂತ ಹೆಚ್ಚು ಕಾಲುಗಳುಳ್ಳ ಸಹಸ್ರಪದಿ ವಿಜ್ಞಾನಕ್ಕೆ ಪರಿಚಯವಾದದ್ದು 2021ರಲ್ಲಿ. ಪಶ್ಚಿಮ ಆಸ್ಟ್ರೇಲಿಯದ ಚಿನ್ನದ ಸೀಮೆಯಲ್ಲಿ ಖನಿಜ ಶೋಧಕ್ಕೆಂದು ಕೊರೆದ ರಂಧ್ರವೊಂದರಲ್ಲಿ, 60 ಮೀಟರ್ ಆಳದಲ್ಲಿ ಅದು ದೊರೆಯಿತು. ನೂಲಿನಷ್ಟು ತೆಳುವಾದ, 10 ಸೆಂಟಿಮೀಟರಿಗೂ ಕಡಿಮೆ ಉದ್ದದ ಆ ದೇಹದಲ್ಲಿ 1,306 ಕಾಲುಗಳಿದ್ದವು. ಪಾಲ್ ಮಾರೆಕ್ ಮತ್ತು ಸಂಗಡಿಗರು ಅದಕ್ಕೆ ‘ಯೂಮಿಲ್ಲಿಪೆಸ್ ಪರ್ಸೆಫೋನೆ’ ಎಂದು ಹೆಸರಿಟ್ಟರು. ನೆಲದೊಳಗಿನ ಅದಿರನ್ನಷ್ಟೇ ಅಳೆದು ಜೀವಿಗಳನ್ನು ಹುಡುಕದಿದ್ದರೆ ಅದು ಅನಾಮಿಕವಾಗಿಯೇ ಉಳಿಯುತ್ತಿತ್ತು.

ಹೆಸರಿಡುವುದು ಸುಲಭವಲ್ಲ. ಸಹಸ್ರಪದಿಗಳು ನೋಟಕ್ಕೆ ಒಂದೇ ಬಗೆ. ಬಹುಪಾಲು ಬಗೆಗಳಲ್ಲಿ ಪ್ರೌಢ ಗಂಡಿನ ಏಳನೆಯ ಉಂಗುರದಲ್ಲಿ ಸಂತಾನಕಾರ್ಯಕ್ಕಾಗಿ ಮಾರ್ಪಟ್ಟಿರುವ ಕಾಲುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿಯೇ ಪ್ರಭೇದವನ್ನು ನಿರ್ಧರಿಸಬೇಕು. ಹೆಣ್ಣು ಅಥವಾ ಮರಿಯಷ್ಟೇ ಸಿಕ್ಕರೆ ಗುರುತು ಅರ್ಧಕ್ಕೇ ನಿಲ್ಲುತ್ತದೆ.

ಗದಗ, ಶಿರಹಟ್ಟಿ, ಮುಂಡರಗಿ ಸೀಮೆಗಳಲ್ಲಿ ಹಬ್ಬಿರುವ ಕಪ್ಪತಗುಡ್ಡಕ್ಕೂ ಈ ಮಾತು ಸಲ್ಲುತ್ತದೆ. ಇಲ್ಲಿಯೂ ಚಿನ್ನವಿದೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಗಣಿ ತೋಡಲಾಗಿತ್ತು. 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಹೊರಟ ಆದೇಶವನ್ನು 2016ರಲ್ಲಿ ಹಿಂಪಡೆಯಲಾಯಿತು. ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ ಜನ ಬೀದಿಗಿಳಿದ ಮೇಲೆ 2017ರಲ್ಲಿ ಅದು ಮರಳಿ ಬಂದಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಹಿಂಪಡೆದ ಆದೇಶವನ್ನು ಒಮ್ಮೆ ಕಂಡ ಜನ ಕಾಗದವನ್ನಷ್ಟೇ ನಂಬಿ ಕೂರಲಾಗದು.

ಗುಡ್ಡದ ಪರವಾಗಿ ಔಷಧಿ ಸಸ್ಯಗಳು ಸಾಕ್ಷಿ ನುಡಿದಿವೆ, ತೋಳ ಚಿರತೆಗಳು ನುಡಿದಿವೆ. ಬಂಡೆಯಡಿಯ ಹುಳುವೂ ನುಡಿಯಬೇಕಾದರೆ ಅದರ ಹೆಸರು ದಾಖಲೆಯಲ್ಲಿರಬೇಕು. ಹೆಸರಿಲ್ಲದ ಜೀವಿ ನಾಶವಾದರೆ ನಷ್ಟದ ಲೆಕ್ಕಕ್ಕೂ ಅದು ಸೇರುವುದಿಲ್ಲ.

ಅರಣ್ಯ ಇಲಾಖೆ ಮತ್ತು ವಿಶ್ವವಿದ್ಯಾಲಯಗಳು ಹಳೆಯ ಗಣಿಬಾವಿ, ಕಲ್ಲುಸಂದುಗಳ ಜೀವಸಮೀಕ್ಷೆಯನ್ನು ಕೈಗೊಳ್ಳಬೇಕು. ಗದಗ-ಬೆಟಗೇರಿ, ಲಕ್ಷ್ಮೇಶ್ವರದ ವಿದ್ಯಾರ್ಥಿಗಳು ಗಣಿಬಾವಿಗಳಿಗೆ ಇಳಿಯದೆ, ಜೀವಿಯನ್ನು ಹಿಡಿಯದೆ, ಕಂಡ ಸ್ಥಳ, ದಿನ, ಚಿತ್ರಗಳನ್ನು ದಾಖಲಿಸಲಿ. ಅನುಮತಿಯಿಲ್ಲದೆ ವನ್ಯಜೀವಿಧಾಮದಿಂದ ಜೀವಿಗಳನ್ನು ತರುವುದು ಅಪರಾಧ. ಎತ್ತಿದ ಕಲ್ಲನ್ನು ಇದ್ದಲ್ಲಿಯೇ ಇಡುವುದೂ ಸಂರಕ್ಷಣೆಯೇ.