ಮೂರು ದಿನದ ಖಯಾಲಿ

ಮೊನ್ನೆ ಮೊಮ್ಮಗ ಊಟದ ತಾಟಿನ ಮುಂದೆಯೂ ಬಣ್ಣದ ಕ್ಯೂಬ್ ತಿರುವುತ್ತ ಕುಳಿತಿದ್ದ. “ಮೊನ್ನೆ ಬುಗರಿ, ಇವತ್ತ ಇದು. ಎಲ್ಲಾ ಮೂರ ದಿನದ ಖಯಾಲಿ!” ಎಂದು ಗದರಿದೆ.

“ಖಯಾಲಿ ಅಂದ್ರ ಏನಜ್ಜಾ?” ಎಂದ.

ಮಕ್ಕಳೇ, ಅವನಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಅರಬ್ಬಿಯಲ್ಲಿ ‘ಖಯಾಲ್’ ಎಂದರೆ ವಿಚಾರ, ಕಲ್ಪನೆ. ನಮ್ಮಲ್ಲಿಗೆ ಬಂದ ಮೇಲೆ ಅದು ತಲೆ ಹೊಕ್ಕ ಹೊಸ ಆಸೆಗೆ ಹೆಸರಾಯಿತು. ನಾಲ್ಕು ಜನ ನೋಡಲಿ ಎಂದು ಮಾಡಿದರೆ ಶೋಕಿ. ಬಿಡಬೇಕೆಂದರೂ ಬಿಡದಿದ್ದರೆ ಗೀಳು. ಮೈ, ಮನೆ ಕೆಡಿಸಿದರೆ ಚಟ. ಖಯಾಲಿ ಇವೆಲ್ಲಕ್ಕಿಂತ ಹಗುರಾದ ಮಾತು. “ಅವನಿಗೆ ಪತಂಗದ ಖಯಾಲಿ ಹತ್ತಿತ್ತು, ಈಗ ಬಿಟ್ಟಿತು” ಎನ್ನುತ್ತೇವೆ.

ಹಿಂದೂಸ್ತಾನಿ ಸಂಗೀತದ ಖಯಾಲ್ ಗಾಯನಕ್ಕೂ ಇದೇ ಶಬ್ದ. ಗದಗಿನ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ಹುಡುಗನಾಗಿದ್ದಾಗ, ಗುರುವನ್ನು ಹುಡುಕುತ್ತ ಮನೆ ಬಿಟ್ಟರು. ಹುಡುಗನ ಖಯಾಲಿ ಎಂದು ಯಾರಾದರೂ ನಕ್ಕಿರಲೂಬಹುದು. ಮುಂದೆ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು, ಖಯಾಲ್ ಹಾಡಿಯೇ ಭಾರತರತ್ನರಾದರು. (ನೀವು ಮಾತ್ರ ಮನೆ ಬಿಡಬೇಡಿರಿ!)

ಎಲ್ಲ ಖಯಾಲಿಯೂ ಹಾಗೆ ಬೆಳೆಯುವುದಿಲ್ಲ. 2017ರಲ್ಲಿ ಬೆರಳ ಮೇಲೆ ತಿರುಗುವ ಸ್ಪಿನ್ನರ್ ಎಲ್ಲ ಮಕ್ಕಳ ಕೈಯಲ್ಲೂ ಇತ್ತು. ಬರುವಷ್ಟೇ ಬೇಗ ಮೂಲೆ ಸೇರಿತು. ನನಗೂ ಚಿಕ್ಕಂದಿನಲ್ಲಿ ಕಡ್ಡಿಪೆಟ್ಟಿಗೆಯ ಚಿತ್ರ ಕೂಡಿಸುವ ಖಯಾಲಿ. ಕಲಾದಗಿಯ ಓಣಿ ಓಣಿ ಅಲೆದು ಆರಿಸಿ, ಹಳೆಯ ನೋಟುಬುಕ್ಕಿಗೆ ಅಂಟಿಸಿದ್ದೆ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗ ನಮ್ಮಪ್ಪ ಅದನ್ನು ಒಲೆಗೆ ಹಾಕಿದರು. “ಮೂರ ದಿನದ ಖಯಾಲಿ, ಹೋಗ್ಲಿ ಬಿಡು” ಎಂದರು. ಹೇಗೂ ನಾಲ್ಕು ತಿಂಗಳಲ್ಲಿ ನಾನೇ ಬಿಡುತ್ತಿದ್ದೆನೋ ಏನೋ. ಆದರೆ ಆ ಬೂದಿ ಅರವತ್ತು ವರ್ಷವಾದರೂ ಕಣ್ಣ ಮುಂದಿದೆ.

ಅದೇ ಮಾತನ್ನು ನಾನೀಗ ಮೊಮ್ಮಗನಿಗೆ ಅಂದಿದ್ದೆ! ಅದೂ ತಪ್ಪು ಲೆಕ್ಕ. ಹಂಗೇರಿಯ ಎರ್ನೋ ರೂಬಿಕ್ ಆ ಕ್ಯೂಬ್ ಮಾಡಿದ್ದು 1974ರಲ್ಲಿ. ಈ ‘ಮೂರು ದಿನ’ಕ್ಕೆ ಐವತ್ತು ವರ್ಷ ದಾಟಿದೆ.

ಕ್ಯೂಬ್ ಕಸಿದುಕೊಳ್ಳಲಿಲ್ಲ. “ಊಟ ಮುಗಿಸು, ಆಮ್ಯಾಲೆ ನನಗೂ ಕಲಿಸು” ಎಂದೆ. ಎರಡು ದಿನವಾಯಿತು, ಒಂದು ಬದಿಯ ಬಣ್ಣ ಕೂಡಿದೆ.

ಈ ವಾರದ ಕೆಲಸ: ನಿಮ್ಮ ಅಜ್ಜ, ಅಜ್ಜಿಗೆ ಚಿಕ್ಕಂದಿನಲ್ಲಿ ಯಾವ ಖಯಾಲಿ ಇತ್ತು? ಕೇಳಿ ಬರೆದಿಡಿರಿ.