ಬಕ ಮೀನು ಹಿಡಿದ ಮಾತ್ರಕ್ಕೆ ಕೆರೆ ನೀರು ಶುದ್ಧವೇ?

ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಹಾರ್ನ್ ಸದ್ದಿಗೆ ಕೂಗಳತೆಯಲ್ಲೇ ಬೆನ್ನಿಗಾನಹಳ್ಳಿ ಕೆರೆ ಇದೆ. ಸುತ್ತ ರಸ್ತೆ, ರೈಲು ಹಳಿ, ಮೆಟ್ರೊ ಕಂಬ. ಇಂಥ ಕೆರೆಯ ಅಂಚಿನಲ್ಲಿ ಕಲ್ಲಿನಂತೆ ನಿಂತ ಬಕವೊಂದು ಫಕ್ಕನೆ ಕತ್ತು ಚಾಚಿ ಮೀನು ಹಿಡಿದರೆ ಯಾರಿಗಾದರೂ ಮೊಬೈಲ್ ತೆಗೆಯೋಣ ಅನಿಸುತ್ತದೆ. ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ಹೋಗುವಾಗ ಅದಕ್ಕೊಂದು ಸಾಲು ಅಂಟಿಕೊಳ್ಳುತ್ತದೆ: ಹಕ್ಕಿ ಬಂದಿದೆ, ಮೀನೂ ಇದೆ, ಅಂದರೆ ಕೆರೆ ಶುದ್ಧವಾಗಿದೆ. ಅದರ ಬೆನ್ನಿಗೇ ಇನ್ನೊಂದು ಮಾತು: ಹಕ್ಕಿಗೇ ಏನೂ ಆಗಿಲ್ಲ, ನಾವು ತಿಂದರೆ ಏನಾಗುತ್ತದೆ? ವಿಡಿಯೊ ನಿಜವೇ ಇರಬಹುದು. ಅದರ ಜೊತೆಗಿನ ಮಾತು ಮಾತ್ರ ನಿಜವಲ್ಲ.

ಮೊದಲು ಬೇಟೆಯನ್ನೇ ನೋಡೋಣ. ನಮ್ಮ ಕೆರೆಗಳಲ್ಲಿ ಹೆಚ್ಚಾಗಿ ಕಾಣುವುದು ಕೊಳದ ಬಕ. ಕೂತಾಗ ಮಣ್ಣಿನ ಬಣ್ಣ, ಹಾರಿದಾಗ ಥಟ್ಟನೆ ಬಿಳಿ ರೆಕ್ಕೆ. ಅದು ಅಲುಗಾಡದೆ ನಿಲ್ಲುವುದನ್ನು ನೋಡಿಯೇ ಹಿರಿಯರು ಬಕಧ್ಯಾನ ಎಂಬ ಮಾತು ಮಾಡಿದರು. ಆ ಧ್ಯಾನದಲ್ಲಿ ಕತ್ತು ಸ್ಪ್ರಿಂಗಿನಂತೆ ಮಡಚಿಕೊಂಡಿರುತ್ತದೆ. ಕತ್ತಿನ ಒಂದು ಮೂಳೆ ಉಳಿದವುಗಳಿಗಿಂತ ಉದ್ದವಾಗಿರುವುದರಿಂದ ಅಲ್ಲೊಂದು ಕೊಂಕು. ಆ ಕೊಂಕು ಒಮ್ಮೆಲೇ ಬಿಚ್ಚಿದರೆ ಕೊಕ್ಕು ಬಾಣದಂತೆ ನೀರಿಗಿಳಿಯುತ್ತದೆ.

ಇಲ್ಲಿ ಒಂದು ತೊಡಕಿದೆ. ಸ್ಟೀಲ್ ಬಟ್ಟಲಿಗೆ ನಾಣ್ಯ ಹಾಕಿ ನೀರು ತುಂಬಿಸಿ ಓರೆಯಾಗಿ ನೋಡಿ, ನಾಣ್ಯ ಮೇಲೆ ಎದ್ದಂತೆ ಕಾಣುತ್ತದೆ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದೇ ಕಾರಣ. ಹಾಗಾಗಿ ಮೀನು ಕಂಡ ಕಡೆಗೇ ಗುರಿಯಿಟ್ಟರೆ ಬಕ ಉಪವಾಸ ಬೀಳಬೇಕು. ಕರಾವಳಿಯ ಬಕಜಾತಿಯೊಂದನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅದು ಈ ವ್ಯತ್ಯಾಸವನ್ನು ಸರಿದೂಗಿಸಿಯೇ ಕುಕ್ಕುತ್ತದೆ ಎಂದು 1987ರಲ್ಲಿ ವರದಿ ಮಾಡಿದರು. ಹಿಡಿದ ಮೀನನ್ನು ತಿರುಗಿಸಿ ತಲೆಯ ಕಡೆಯಿಂದಲೇ ನುಂಗುತ್ತದೆ. ಬಾಲದಿಂದ ನುಂಗಿದರೆ ಈಜುರೆಕ್ಕೆಯ ಮುಳ್ಳು ಗಂಟಲಿಗೆ ಚುಚ್ಚುತ್ತದೆ. ಹೊಟ್ಟೆಯ ಆಮ್ಲ ಎಷ್ಟು ಪ್ರಬಲ ಅಂದರೆ ಮೀನಿನ ಮೂಳೆಯೂ ಕರಗಿಹೋಗುತ್ತದೆ.

ಈ ಆಮ್ಲವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರೋಣ. ಈಗ ಮೀನಿನ ವಿಚಾರ.

ಕೆರೆಯಲ್ಲಿ ಮೀನಿದೆ ಅಂದರೆ ನೀರಿನಲ್ಲಿ ಆ ಮೀನಿಗೆ ಸಾಕಾಗುವಷ್ಟು ಉಸಿರು ಇದೆ, ಅಷ್ಟೇ. ಅದರಲ್ಲೂ ಎಲ್ಲ ಮೀನೂ ಒಂದೇ ಅಲ್ಲ. ನಮ್ಮಲ್ಲಿ ಜಿಲೇಬಿ ಎಂದು ಕರೆಯುವ ತಿಲಾಪಿಯಾ ಕೊಳಕು ನೀರನ್ನೂ ಸಹಿಸಿಕೊಳ್ಳುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಇನ್ನೂ ಗಟ್ಟಿ ಜೀವ: ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ. ಇದರ ಸಾಕಣೆಗೆ ಭಾರತದಲ್ಲಿ ನಿಷೇಧವಿದೆ, ಆದರೂ ಕೆರೆಗಳಿಂದ ಹೋಗಿಲ್ಲ. ಉಸಿರು ಕಟ್ಟಿದ ಮೀನು ಮೇಲಕ್ಕೆ ಬಂದಷ್ಟೂ ಬಕಕ್ಕೆ ಕೆಲಸ ಸುಲಭ. ಅಂದರೆ ಅಂಚಿನಲ್ಲಿ ಹಕ್ಕಿಗಳು ಸಾಲುಗಟ್ಟಿ ಭರ್ಜರಿ ಊಟ ಮಾಡುತ್ತಿದ್ದರೆ ಅದು ಕೆರೆಗೆ ಕೆಟ್ಟ ದಿನವೂ ಆಗಿರಬಹುದು!

ಹಲಸೂರು ಕೆರೆಯನ್ನೇ ನೋಡಿ. 2016ರ ಮಾರ್ಚ್‌ನಲ್ಲಿ ಅಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಕೊಳಚೆ ನೀರು ಸೇರಿದಾಗ ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ, ಮೀನಿಗೆ ಉಳಿಯುವುದಿಲ್ಲ. ಅದಕ್ಕೆ ಒಂದು ವಾರ ಮೊದಲು ಯಾರಾದರೂ ವಿಡಿಯೊ ಮಾಡಿದ್ದರೆ ಅದೇ ಮೀನುಗಳು ಅದರಲ್ಲಿ ಜೀವಂತವಾಗಿಯೇ ಕಾಣುತ್ತಿದ್ದವು.

ಸರ್ಕಾರದ ಅಳತೆಗೋಲು ಇದನ್ನು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಎ ಯಿಂದ ಇ ವರೆಗೆ ಐದು ದರ್ಜೆ ಮಾಡಿದೆ. ‘ಬಿ’ ಸ್ನಾನಕ್ಕೆ, ‘ಸಿ’ ಸಂಸ್ಕರಿಸಿದ ಮೇಲೆ ಕುಡಿಯಲು. ಮೀನು ಮತ್ತು ವನ್ಯಜೀವಿಗಳಿಗೆ ಸಾಕು ಎನ್ನುವ ನೀರು ಇವೆಲ್ಲಕ್ಕಿಂತ ಕೆಳಗೆ, ‘ಡಿ’ ದರ್ಜೆಯಲ್ಲಿದೆ. ಅದಕ್ಕೆ ನೋಡುವುದು ಮೂರೇ ಅಂಶ: ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ, ಪಿಎಚ್ 6.5ರಿಂದ 8.5, ಅಮೋನಿಯಾ 1.2 ಮಿಲಿಗ್ರಾಂ ಮೀರಬಾರದು. ಮಲದಿಂದ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾಕ್ಕೆ ಈ ದರ್ಜೆಯಲ್ಲಿ ಮಿತಿಯೇ ಇಲ್ಲ. ಮೀನು, ಹಕ್ಕಿ ಬದುಕುವ ನೀರು ನಾವು ಕೈಕಾಲು ತೊಳೆಯಲು ಯೋಗ್ಯವಲ್ಲದ ನೀರೂ ಆಗಿರಬಹುದು.

ಈಗ ಆ ಆಮ್ಲಕ್ಕೆ ಬರೋಣ. ಅದು ಮೂಳೆ ಕರಗಿಸುತ್ತದೆ, ಎಷ್ಟೋ ರೋಗಾಣುಗಳನ್ನೂ ಕೊಲ್ಲುತ್ತದೆ. ಸೀಸ, ಕ್ಯಾಡ್ಮಿಯಂ, ಪಾದರಸದಂಥ ಲೋಹಗಳನ್ನು ಮಾತ್ರ ಇಲ್ಲವಾಗಿಸಲಾರದು. ಬಕದ ಹೊಟ್ಟೆಯಲ್ಲೇ ಆಗದ ಈ ಕೆಲಸ ನಮ್ಮ ಬಾಣಲೆಯಲ್ಲಿ ಹೇಗಾದೀತು? ಎಷ್ಟು ಹುರಿದರೂ, ಎಷ್ಟು ಖಾರ ಹಾಕಿದರೂ ಲೋಹ ಲೋಹವೇ. ಬೆಳ್ಳಂದೂರು ಕೆರೆ ನೀರಿನಲ್ಲಿ ಬೆಳೆದ ಭತ್ತ, ತರಕಾರಿಗಳಲ್ಲಿ ಇಂಥ ಭಾರಲೋಹಗಳಿದ್ದುದನ್ನು 2006ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ದಾಖಲಿಸಿದೆ.

ಹಾಗಾದರೆ ಹಕ್ಕಿಗೆ ಏಕೆ ಏನೂ ಆಗುವುದಿಲ್ಲ? ಆಗುತ್ತದೆ, ನಮಗೆ ಕಾಣುವುದಿಲ್ಲ. ಕಾಯಿಲೆ ಬಿದ್ದ ಬಕ ಪೊದೆ ಸೇರುತ್ತದೆ, ಕ್ಯಾಮೆರಾ ಮುಂದೆ ಬರುವುದು ಗಟ್ಟಿಮುಟ್ಟಾದದ್ದೇ. ದೇಹ ಸೇರಿದ ಪಾದರಸದ ಒಂದು ಭಾಗ ಹಕ್ಕಿಯ ಗರಿಗೆ ಹೋಗಿ, ಗರಿ ಉದುರಿದಾಗ ಹೊರಬೀಳುತ್ತದೆ. ಮಾಲಿನ್ಯ ಅಳೆಯಲು ವಿಜ್ಞಾನಿಗಳು ಉದುರಿದ ಗರಿಗಳನ್ನು ಪರೀಕ್ಷಿಸುವುದೂ ಇದಕ್ಕೇ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ಪಾದರಸ ಸಮುದ್ರ ಸೇರಿ, ಮೀನು ತಿಂದ ಹಕ್ಕಿಗಳು ಹಾರುತ್ತಲೇ ಬಿದ್ದವು, ಬೆಕ್ಕುಗಳು ಹುಚ್ಚೆದ್ದು ಸತ್ತವು. 1956ರಲ್ಲಿ ಅದು ಮನುಷ್ಯರ ಕಾಯಿಲೆಯಾಗಿ ಅಧಿಕೃತವಾಗಿ ದಾಖಲಾಯಿತು. ಬೆಂಗಳೂರಿನ ಕೆರೆಗಳು ಮಿನಮಾಟ ಎಂದು ನಾವು ಹೇಳುತ್ತಿಲ್ಲ. ಪಾದರಸ ತುಂಬಿದ ಮೀನೂ ನೋಡಲು ಮೀನಿನಂತೆಯೇ ಇರುತ್ತದೆ, ಅಷ್ಟೇ ಹೇಳುತ್ತಿದ್ದೇವೆ.

ಬಕ ಬಂದದ್ದು ಖುಷಿಯ ಸಂಗತಿಯೇ. ಅದು ಬೇರೊಂದು ವಿಷಯವನ್ನು ಸರಿಯಾಗಿಯೇ ಹೇಳುತ್ತದೆ: ಅಲ್ಲಿ ಕಾಲೂರಲು ಆಳವಿಲ್ಲದ ಅಂಚು ಉಳಿದಿದೆ. ಅಭಿವೃದ್ಧಿಯ ಹೆಸರಲ್ಲಿ ಕೆರೆಯನ್ನು ಬಟ್ಟಲಿನಂತೆ ತೋಡಿ ಸುತ್ತ ಕಲ್ಲು ಕಟ್ಟಿದರೆ, ನೀರು ಎಷ್ಟೇ ತಿಳಿಯಾಗಿದ್ದರೂ ಈ ಗಿಡ್ಡ ಕಾಲಿನ ಹಕ್ಕಿಗೆ ನಿಲ್ಲಲು ಜಾಗವಿರುವುದಿಲ್ಲ.

ನೀರಿನ ಸ್ಥಿತಿ ತಿಳಿಯಬೇಕಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ವೆಬ್‌ಸೈಟಿನಲ್ಲಿ ನಿಮ್ಮ ಕೆರೆಯ ದರ್ಜೆ ಹುಡುಕಿ. ಮತ್ತೆ, ಬೆಳಗಿನ ವಾಕಿಂಗ್‌ಗೆ ಹೋದಾಗ ಮೀನುಗಳು ಗುಂಪಾಗಿ ಮೇಲೆ ಬಂದು ಬಾಯಿ ಪಚಪಚ ಮಾಡುತ್ತಿವೆಯೇ ಗಮನಿಸಿ. ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ ನಸುಕಿನಲ್ಲೇ ಆಮ್ಲಜನಕ ತೀರಾ ಕಡಿಮೆ. ಹಾಗೆ ಕಂಡರೆ ಆ ವಿಡಿಯೊವನ್ನು ಕೆರೆ ನೋಡಿಕೊಳ್ಳುವ ಅಧಿಕಾರಿಗಳಿಗೆ ಅಂದೇ ಕಳಿಸಿ. ಮೀನು ಸಾಯಲು ಎಷ್ಟೋ ಸಲ ಒಂದೇ ರಾತ್ರಿ ಸಾಕು.